ಬಸ್ಸಿನಲ್ಲಿ ಕೊಟ್ಟ ಕಾಗದ

ನನ್ನ ಮಗ ಯಾರನ್ನೂ ಒತ್ತೆ ಇಟ್ಟುಕೊಳ್ಳಲಿಲ್ಲ. ಬಸ್ಸನ್ನು ನಿಲ್ಲಿಸಬೇಕಾದ ಕಡೆ ನಿಲ್ಲಿಸಲಿಲ್ಲ, ಅಷ್ಟೇ. ಅದು ತಪ್ಪೇ, ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಮೊಮ್ಮಗಳು ಹೋದದ್ದು ಬಸ್ಸಿನಿಂದಲ್ಲ, ಒಂದು ಕಾಗದದಿಂದ. ಆ ಕಾಗದವನ್ನು ಕೊಡಬಾರದ ಜಾಗದಲ್ಲಿ ಕೊಡಿಸಿದವಳು ನಾನು.

ಇದನ್ನೆಲ್ಲ ಬರೆಯುವ ಯೋಚನೆ ನನಗಿರಲಿಲ್ಲ. ಹೋದ ತಿಂಗಳು ಸಿನಿಮಾ ಮಾಡುವವರೊಬ್ಬರು ಮನೆ ಹುಡುಕಿಕೊಂಡು ಬಂದರು. ಗಡ್ಡ ನೆರೆತ ಮನುಷ್ಯ, ಮರ್ಯಾದೆಯಿಂದಲೇ ಮಾತಾಡಿದರು. ಬಸ್ಸಿನ ಕಥೆಯನ್ನು ಸಿನಿಮಾ ಮಾಡುತ್ತಾರಂತೆ. ಅರ್ಧ ಕಥೆ ಅವರೇ ಬರೆದುಕೊಂಡು ಬಂದಿದ್ದರು.

“ಅಮ್ಮಾ, ಅವತ್ತು ನಿಮ್ಮ ಮಗನ ಕೈಯಲ್ಲಿ ಏನಾದ್ರೂ ಇತ್ತಾ? ಕತ್ತಿ, ರಾಡು, ಅಂಥದ್ದು?”

“ಸ್ಟೇರಿಂಗ್ ಇತ್ತು.”

“ಪ್ಯಾಸೆಂಜರ್ಸ್ ಅಳ್ತಿದ್ರಾ?”

“ಒಬ್ಳು ಅಳ್ತಿದ್ಲು. ಮದ್ವೆ ಊಟ ತಪ್ತದೆ ಅಂತ.”

ಅವರಿಗೆ ನಗು ಬಂತು. ನಗಬಾರದು ಅನ್ನಿಸಿ ಕಾಫಿ ಲೋಟಕ್ಕೆ ಮುಖ ಬಗ್ಗಿಸಿದರು. ಆಮೇಲೆ ನಿಧಾನಕ್ಕೆ ಹೇಳಿದರು, “ನಮ್ಮ ಕಥೆಯಲ್ಲಿ ಮಗು ಉಳಿಯುತ್ತೆ ಅಮ್ಮ. ನೋಡೋ ಜನಕ್ಕೆ ಅದು ಬೇಕು.”

“ಉಳಿಸಿ. ನಮ್ ಕೈಲಿ ಆಗ್ಲಿಲ್ಲ. ನಿಮ್ ಕೈಲಾದ್ರೆ ಉಳಿಸಿ.”

ಅವರು ಹೋದ ಮೇಲೆ ಸೊಸೆ ಲೋಟ ತೊಳೆಯುತ್ತಾ ನಿಂತವಳು ತಿರುಗದೆ ಹೇಳಿದಳು, “ಇನ್ನು ಅವ್ರು ತೋರ್ಸಿದ್ದೇ ನಿಜ ಆಗ್ತದೆ ಅತ್ತೆ. ನೀವು ನಡೆದದ್ದು ನಡೆದ ಹಂಗೆ ಬರ್ದಿಡಿ.” ನಾನು ಓದಿದ್ದು ಮೂರನೇ ಕ್ಲಾಸು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವಾಗ ಅಕ್ಕಿ, ಬೇಳೆ ಎಷ್ಟು ಖರ್ಚಾಯಿತು ಅಂತ ಬರೆದು ಬರೆದು ಕೈ ಅಷ್ಟಿಷ್ಟು ಕುದುರಿದೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಬರೆದರೆ ಜಗಳಕ್ಕೆ ಬರುತ್ತಾರೆ, ನನಗೆ ಜಗಳಕ್ಕೆ ಪುರುಸೊತ್ತಿಲ್ಲ.

ನನ್ನ ಮಗ ಆಗ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ನಮ್ಮ ಮನೆ ಬಟ್ಟೆಮಲ್ಲಪ್ಪ ದಾಟಿದ ಮೇಲೆ, ರಸ್ತೆಯ ಬದಿಗೇ. ನಮ್ಮ ಕಡೆ ಬಸ್ಸು ಜನರನ್ನು ಮಾತ್ರ ಹೊರುವುದಿಲ್ಲ. ಪೇಪರಿನ ಕಟ್ಟು, ಹಾಲಿನ ಕ್ಯಾನು, ಮಗಳ ಮನೆಗೆ ಕಳಿಸುವ ಹಲಸಿನ ಹಪ್ಪಳ, ಮದುವೆ ಮನೆಯಲ್ಲಿ ಮರೆತು ಬಂದ ಕನ್ನಡಕ, ಪೇಟೆಯಿಂದ ತರಿಸುವ ಮಾತ್ರೆ, ಎಲ್ಲ ಡ್ರೈವರನ ಕೈಗೇ. ಕೊಟ್ಟವರು ಚೀಟಿ ಕೇಳುವುದಿಲ್ಲ, ತಗೊಂಡವನು ಬರೆದುಕೊಳ್ಳುವುದಿಲ್ಲ. “ಬಸ್ಸಲ್ಲಿ ಕೊಟ್ಟಿದ್ದೀನಿ” ಅಂದರೆ ಮುಟ್ಟಿತು ಅಂತಲೇ ಲೆಕ್ಕ. ನಾನು ಮದುವೆಯಾಗಿ ಬಂದಾಗಿನಿಂದ ಹೀಗೇ ನಡೆದಿದೆ. ಒಂದು ಸೂಜಿ ಕಳೆದದ್ದಿಲ್ಲ.

ಇನ್ನೊಂದು ಪದ್ಧತಿ, ದಿನಾ ಬರುವವರಿಗೆ ಬಸ್ಸು ಕಾಯುವುದು. ಹೊಸನಗರ ದಾಟಿದ ಮೇಲೆ ಒಂದು ಓಣಿಯ ಬಾಯಲ್ಲಿ ನನ್ನ ಮಗ ಮೂರು ಸಲ ಹಾರ್ನ್ ಹೊಡೆದು ನಿಲ್ಲುತ್ತಿದ್ದ. ಓಣಿಯಿಂದ ಒಬ್ಬರು ಟಿಫಿನ್ ಚೀಲ ಹಿಡಿದು ಕುಂಟುತ್ತಾ ಓಡಿ ಬರುತ್ತಿದ್ದರು. ಅವರಿಗೆ ಮಂಡಿ ನೋವು. ಮುಂದಿನ ಪೇಟೆಯ ಒಂದು ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಕಾರ್ಡಿನ ಕಿಟಕಿಯಲ್ಲಿ ಕೂರುವ ಗುಮಾಸ್ತರು. ಯಾವ ಪೇಟೆ ಅಂತ ಬರೆಯುವುದಿಲ್ಲ. ಏಳು ವರ್ಷ ನನ್ನ ಮಗ ಅವರಿಗಾಗಿ ಬಸ್ಸು ಕಾಯಿಸಿದ. ಅವರದ್ದು ಡ್ರೈವರ್ ಹಿಂದಿನ ಸೀಟು. ಬೇರೆಯವರು ಕೂತರೆ ಕಂಡಕ್ಟರ್ ಎಬ್ಬಿಸುತ್ತಿದ್ದ.

ಮೊಮ್ಮಗಳಿಗೆ ಆರು ವರ್ಷ. ಆಡುತ್ತಾ ಆಡುತ್ತಾ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಆಟ ಬಿಡುವ ಸೋಮಾರಿ ಅಂತ ನಾನೇ ಬೈದಿದ್ದೇನೆ. ಶಾಲೆಗೆ ತಪಾಸಣೆಗೆ ಬಂದ ಡಾಕ್ಟರಮ್ಮ ಅವಳ ತುಟಿ, ಉಗುರು ನೋಡಿ ನನ್ನನ್ನು ಅಡುಗೆಕೋಣೆಯಿಂದ ಹೊರಗೆ ಕರೆದರು. ಹುಟ್ಟಿನಿಂದಲೇ ಹೃದಯದಲ್ಲಿ ದೋಷ ಉಂಟು, ಉಸಿರು ಸಾಲದೆ ಕೂರುತ್ತಾಳೆ, ಸೋಮಾರಿತನ ಅಲ್ಲ ಅಂದರು. ಆಪರೇಷನ್ ಮಾಡಿದರೆ ಸರಿಯಾಗುತ್ತದೆ, ತಡ ಮಾಡಬೇಡಿ ಅಂದರು. ಒಮ್ಮೊಮ್ಮೆ ಮೈ ನೀಲಿಯಾಗಿ ಉಸಿರು ಕಟ್ಟಬಹುದು, ಆಗ ಮೊಣಕಾಲು ಎದೆಗೆ ಮಡಚಿ ಒತ್ತಿ ಹಿಡಿಯಬೇಕು ಅಂತ ನನ್ನ ಕೈಯಲ್ಲೇ ಮಾಡಿಸಿ ತೋರಿಸಿದರು.

ಆಪರೇಷನ್ ಆಗುವುದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ. ಕಾರ್ಡು ಇದ್ದರೆ ಪೂರ್ತಿ ಉಚಿತ. ಇಲ್ಲದಿದ್ದರೆ ಎಷ್ಟು ಅಂತ ಸೊಸೆ ಒಂದು ಸಲ ಕೇಳಿದಳು, ಎರಡನೇ ಸಲ ಕೇಳಲಿಲ್ಲ. ಆದರೆ ಕಾರ್ಡಿನ ಜೊತೆ ಶಿವಮೊಗ್ಗದ ದೊಡ್ಡ ಡಾಕ್ಟರು ಬರೆದ ಲೆಟರ್ ಬೇಕು. ಆ ಲೆಟರನ್ನು ಪೇಟೆಯ ಕಿಟಕಿಯಲ್ಲಿ ಕೊಟ್ಟು ಕಂಪ್ಯೂಟರಿಗೆ ಹಾಕಿಸಬೇಕು. ಹದಿನೈದು ದಿನದೊಳಗೆ ಹಾಕಿಸದಿದ್ದರೆ ಲೆಟರ್ ಸತ್ತಂತೆ.

ಮಗನೂ ಸೊಸೆಯೂ ನಾಲ್ಕು ಸಲ ಶಿವಮೊಗ್ಗಕ್ಕೆ ಹೋಗಿ ಲೆಟರ್ ಬರೆಸಿ ತಂದರು. ಮಗ ಹೇಳಿದ, “ನಾಳೆ ರಜೆ ಹಾಕಿ ಕಿಟಕಿ ಹತ್ರ ಹೋಗಿ ನಿಲ್ತೀನಿ ಅಮ್ಮ.”

“ರಜೆ ಎಂತಕ್ಕೆ? ಆ ಮನುಷ್ಯ ದಿನಾ ನಿನ್ ಬೆನ್ನ ಹಿಂದೇ ಕೂರ್ತಾನೆ. ಬಸ್ಸಲ್ಲೇ ಕೈಗೆ ಕೊಡು. ಸಾಲಲ್ಲಿ ನಿಂತ್ರೆ ನಿನ್ನ ಕಂಡವ್ರಿಲ್ಲ, ಬಸ್ಸಲ್ಲಾದ್ರೆ ಗುರ್ತು ಉಂಟು.”

ಅಂದವಳು ನಾನೇ. ಮಗ ಸರಿ ಅಂದ.

ಮರುದಿನ ಕೊಟ್ಟ. ಅವರು ಖುಷಿಯಿಂದಲೇ ತಗೊಂಡರಂತೆ. “ಕೊಡು ಮಾರಾಯ, ನೀ ಎಂತಕ್ಕೆ ಸಾಲಲ್ಲಿ ನಿಲ್ತಿ, ನಾನೇ ಹಾಕ್ತೀನಿ” ಅಂದು ಮಡಚಿ ಟಿಫಿನ್ ಚೀಲಕ್ಕೆ ಇಟ್ಟುಕೊಂಡರಂತೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅದನ್ನು ನಾನು ಯಾರ ಎದುರಿಗೂ ಹೇಳುತ್ತೇನೆ. ಎರಡು ದಿನ ಕಂಪ್ಯೂಟರ್ ನಡೆಯಲಿಲ್ಲ. ಲೆಟರ್ ಮೇಜಿನ ಡ್ರಾಯರಿಗೆ ಹೋಯಿತು. ಮೂರನೆಯ ದಿನ ಅವರ ಅಪ್ಪ ತೀರಿಕೊಂಡರು, ಹದಿಮೂರು ದಿನ ಅವರು ಬರಲಿಲ್ಲ. ಅವರ ಜಾಗದಲ್ಲಿ ಕೂತವರಿಗೆ ಡ್ರಾಯರಿನ ಸುದ್ದಿ ಗೊತ್ತಿಲ್ಲ. ನಾವೋ, ಬಸ್ಸಲ್ಲಿ ಕೊಟ್ಟದ್ದು ಮುಟ್ಟಿದೆ ಅಂತ ಕೂತಿದ್ದೆವು. ಅವರು ತಲೆ ಬೋಳಿಸಿಕೊಂಡು ವಾಪಸು ಬಂದ ದಿನವೂ ಮಗ ಕೇಳಲಿಲ್ಲ.

“ಸಾವಿನ ಮನೆಯಿಂದ ಬಂದವ್ರ ಹತ್ರ ಹೆಂಗಮ್ಮ ಕೇಳೂದು? ಚಂದ ಅಲ್ಲ” ಅಂದ.

ಎರಡು ದಿನ ಬಿಟ್ಟು ಕೇಳಿದ. ಅವರು ಹಣೆ ಬಡಿದುಕೊಂಡರಂತೆ.

ನಾನೂ ಸೊಸೆಯೂ ಕಿಟಕಿಗೆ ಹೋದೆವು. ಗುಮಾಸ್ತರು ಡ್ರಾಯರಿನಿಂದ ಲೆಟರ್ ತೆಗೆದು ಕಿಟಕಿಯ ಕಂಡಿಯಲ್ಲಿ ಇಟ್ಟರು.

“ಇದ್ರ ತಾರೀಕು ಮುಗ್ದಿದೆ ಅಜ್ಜಿ. ಹೊಸದು ಬರೆಸ್ಬೇಕು.”

“ಬರೆಸ್ತೀವಿ.”

“ಹೊಸದು ಬರೀಬೇಕಾದ್ರೆ ಹಳೇದು ಇಲ್ಲಿ ರದ್ದಾಗ್ಬೇಕು.”

“ಹಂಗಾರೆ ರದ್ದು ಮಾಡಿ.”

“ಇದು ಇಲ್ಲಿಗೆ ಬಂದೇ ಇಲ್ಲವಲ್ಲ. ಕಂಪ್ಯೂಟರಲ್ಲಿ ಇಲ್ಲದ್ದನ್ನ ಹೆಂಗೆ ರದ್ದು ಮಾಡೂದು?”

“ನಿಮ್ ಕೈಯಲ್ಲೇ ಉಂಟಲ್ಲ ಮಾರಾಯ್ರೇ!”

“ಈಗ ತಗೊಂಡ್ರೆ ಇವತ್ತಿನ ತಾರೀಕು ಬೀಳ್ತದೆ. ತಾರೀಕು ಮುಗ್ದದ್ದನ್ನ ಅದು ತಗೊಳ್ಳಲ್ಲ.”

ಸೊಸೆ ಬುದ್ಧಿವಂತೆ. ಕೊಟ್ಟ ದಿನವೇ ತಗೊಂಡೆ ಅಂತ ಒಂದು ಸಾಲು ಬರೆದು ಸಹಿ ಹಾಕಿಕೊಡಿ, ಅದನ್ನು ಹಿಡಿದು ಆಸ್ಪತ್ರೆಯ ಸಾಹೇಬರ ಹತ್ತಿರ ನಾವೇ ಹೋಗುತ್ತೇವೆ ಅಂದಳು. ಅವರು ಹಿಂದೆ ತಿರುಗಿ ನೋಡಿ ದನಿ ಇಳಿಸಿದರು.

“ಸರ್ಕಾರಿ ಕಾಗದ ಬಸ್ಸಲ್ಲಿ ತಗೊಂಡೆ ಅಂತ ನನ್ ಕೈಯಾರೆ ಬರೆದ್ರೆ ನಾಳೆ ಈ ಕುರ್ಚೀಲಿ ಬೇರೆಯವ್ರು ಇರ್ತಾರೆ. ನಂದು ಕಾಂಟ್ರಾಕ್ಟ್ ಕೆಲಸ ತಂಗಿ. ಸಾಹೇಬ್ರು ಬರ್ಲಿ, ಬಾಯಲ್ಲಿ ಹೇಳಿ ಸರಿ ಮಾಡಿಸ್ತೀನಿ.”

ಸಾಹೇಬರಿಗೆ ಎರಡು ಕಡೆಯ ಕೆಲಸ. ನಾವು ಹೋದ ದಿನ ಅವರು ಅಲ್ಲಿ, ಅಲ್ಲಿಗೆ ಹೋದರೆ ಇಲ್ಲಿ. ಹೀಗೇ ಮೂರು ವಾರ ಹೋಯಿತು. ಆ ಮೂರು ವಾರದಲ್ಲಿ ಮಗು ಎರಡು ಸಲ ನೀಲಿಯಾದಳು. ಮಗ ಮಾತ್ರ ಓಣಿಯ ಬಾಯಲ್ಲಿ ಮೂರು ಹಾರ್ನ್ ಹೊಡೆಯುವುದು ಬಿಡಲಿಲ್ಲ. ಹೊಡೆಯದಿದ್ದರೆ ಅವರು ಸಿಟ್ಟಾಗಿ ಕೆಲಸ ಕೆಡುತ್ತದೆ ಅಂತ ಹೆದರಿಕೆ.

ಆ ದಿನ, ಕಿಟಕಿಯಿಂದ ವಾಪಸು ತಂದಿದ್ದ ಲೆಟರನ್ನು ಫೈಲಿನಲ್ಲಿಟ್ಟುಕೊಂಡು, ಮಗುವನ್ನು ಕರೆದುಕೊಂಡೇ ಹೊರಟೆ. ಸಾಹೇಬರು ಮಗುವಿನ ಉಗುರು ನೋಡಿದರೆ ಮನಸ್ಸು ಕರಗೀತು ಅಂತ ನನ್ನ ಯೋಚನೆ. ಅವಳಿಗೆ ಅಪ್ಪನ ಬಸ್ಸೆಂದರೆ ಹಿಗ್ಗು. ಗೇರಿನ ಪಕ್ಕದ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕೂತಳು. ಓಣಿ ಬಂದಾಗ ಅವಳೇ ಬಾಯಲ್ಲಿ ಪೋಂ ಪೋಂ ಪೋಂ ಅಂದಳು. ಗುಮಾಸ್ತರು ಹತ್ತಿದರು. ಮಗುವಿಗೆ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದುಕೊಟ್ಟರು. ಕೂತ ಮೇಲೆ ನನ್ನ ಕಡೆ ಬಗ್ಗಿ, “ಛೆ, ಇವತ್ತು ಬರಬಾರ್ದಿತ್ತು ಅಜ್ಜಿ. ಸಾಹೇಬ್ರಿಗೆ ಮೀಟಿಂಗು. ಇನ್ನು ಸೋಮವಾರವೇ” ಅಂದರು.

ಮಗನಿಗೆ ಕೇಳಿಸಿತು. ಅವನ ಕುತ್ತಿಗೆ ಪಕ್ಕದಿಂದ ನನಗೆ ಕಾಣುತ್ತಿತ್ತು. ಅವನು ಗೇರು ಬದಲಿಸಿದ.

ಪೇಟೆ ಬಂತು. ಕಂಡಕ್ಟರ್ “ಹೋಲ್ಡಾನ್” ಅಂದ. ಬಸ್ಸು ನಿಲ್ಲಲಿಲ್ಲ. ಸೀಟಿ ಊದಿದ, ನಿಲ್ಲಲಿಲ್ಲ. ಇಳಿಯಲು ಬಾಗಿಲಿಗೆ ಬಂದು ನಿಂತಿದ್ದವರು ಒಬ್ಬರ ಮೇಲೊಬ್ಬರು ವಾಲಿದರು.

“ಎಂತ ಮಾರಾಯ, ಬ್ರೇಕ್ ಹೋಯ್ತಾ?” ಹಿಂದಿನಿಂದ ಯಾರೋ ಕೂಗಿದರು.

“ಬ್ರೇಕ್ ಅಲ್ಲ, ಅವ್ನ ತಲೆ ಹೋಗಿದೆ!”

“ಅಯ್ಯೋ ನನ್ ಮದ್ವೆಮನೆ ಹಿಂದಾಯ್ತಲ್ರೀ!” ಅಂತ ರೇಷ್ಮೆ ಸೀರೆಯವಳು ಅಳುವುದಕ್ಕೆ ಶುರು ಮಾಡಿದಳು.

ಮಗು ಹೇಳಿತು, “ಅಪ್ಪ, ಸಾರ್ ಇಳೀಲೇ ಇಲ್ಲ.”

“ಸಾರ್ ಇವತ್ತು ನಮ್ ಜೊತೆ ಬರ್ತಾರೆ ಮಗಳೇ” ಅಂದ. ಆಮೇಲೆ ಕನ್ನಡಿಯಲ್ಲಿ ಅವರನ್ನು ನೋಡಿ ಹೇಳಿದ, “ಸಾರ್, ಬಸ್ಸಲ್ಲಿ ತಗೊಂಡ್ರಿ. ಬಸ್ಸಲ್ಲೇ ಒಂದು ಸಾಲು ಬರೀರಿ. ತಗೊಂಡಿದ್ದೆ ಅಂತ. ಬರ್ದ ಕೂಡ್ಲೇ ನಿಲ್ಲಿಸ್ತೀನಿ.”

“ನನ್ ಮನೇಲೂ ಮಕ್ಳಿದ್ದಾವೆ ಮಾರಾಯ.”

“ಅವು ಚಂದ ಇದ್ದಾವಲ್ಲ ಸಾರ್.”

ತೀರ್ಥಹಳ್ಳಿಯಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗದೆ ರಸ್ತೆ ಬದಿಗೆ ನಿಲ್ಲಿಸಿ ಎಲ್ಲರನ್ನೂ ಇಳಿಸಿದ. ಬೈದುಕೊಂಡೇ ಇಳಿದರು. ಕಂಡಕ್ಟರನೂ ಇಳಿದು ಮಾಲೀಕರಿಗೆ ಫೋನು ಹಚ್ಚಿದ. ಗುಮಾಸ್ತರು ಎದ್ದರು. “ನೀವು ಕೂತ್ಕೊಳಿ ಸಾರ್” ಅಂದ ಮಗ. ಅವರು ಕೂತರು. ಬಾಗಿಲು ತೆರೆದೇ ಇತ್ತು. ಯಾಕೆ ಇಳಿಯಲಿಲ್ಲ ಅಂತ ನನಗೆ ಈಗಲೂ ಗೊತ್ತಿಲ್ಲ. ಹೆದರಿದ್ದರೋ, ನಾಚಿಕೆಯಾಗಿತ್ತೋ. ಹೆದರಿದ್ದೆ ಅಂತ ಪೊಲೀಸರಿಗೆ ಹೇಳಿದರು, ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ನಾನಾದರೂ “ಅವ್ರನ್ನ ಬಿಡೋ” ಅನ್ನಬಹುದಿತ್ತು. ಅನ್ನಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

ಬಸ್ಸು ಆಗುಂಬೆ ರಸ್ತೆ ಹಿಡಿಯಿತು.

“ಎಲ್ಲಿಗೋ?” ಅಂದೆ.

“ಘಟ್ಟ ಇಳೀತೀನಿ ಅಮ್ಮ. ದೊಡ್ಡಾಸ್ಪತ್ರೆಯವ್ರ ಎದ್ರಿಗೆ ಸಾರೇ ಬಾಯಿಬಿಟ್ಟು ಹೇಳ್ಲಿ, ಕಾಗದ ನನ್ ಹತ್ರ ಇತ್ತು ಅಂತ. ಬರೀಲಿಕ್ಕೆ ಆಗ್ದಿದ್ರೆ ಬೇಡ.”

ಖಾಲಿ ಬಸ್ಸು ತಿರುವಿನಲ್ಲಿ ತುಂಬಾ ಹಾರುತ್ತದೆ. ಆಗುಂಬೆ ಇನ್ನೂ ಸ್ವಲ್ಪ ದೂರ ಇರುವಾಗ ಮಗು ನನ್ನ ಸೀರೆಗೆ ವಾಂತಿ ಮಾಡಿದಳು. ಅತ್ತಳು. ಅಳುತ್ತಾ ಅಳುತ್ತಾ ದನಿ ನಿಂತಿತು. ತುಟಿ ನೇರಳೆ ಹಣ್ಣು ತಿಂದವರ ಹಾಗಾಯಿತು.

“ನಿಲ್ಸು” ಅಂದೆ.

ಒಂದೇ ಮಾತಿಗೆ ನಿಲ್ಲಿಸಿದ. ಎಲ್ಲರೂ ಬೇಡಿಕೊಂಡರೂ ನಿಲ್ಲದ ಬಸ್ಸು ಅದು.

ಬಸ್ಸಿನ ನೆಲದಲ್ಲೇ ಕೂತು ಅವಳ ಮೊಣಕಾಲು ಎದೆಗೆ ಮಡಚಿ ಹಿಡಿದೆ. ಮಗನಿಗೆ ದೂರ ಇರು ಅಂದೆ. ಗುಮಾಸ್ತರು ಮಂಡಿ ನೋವಿನಲ್ಲೂ ನೆಲಕ್ಕೆ ಕೂತು, ನಮ್ಮದೇ ಫೈಲು ತಗೊಂಡು ಗಾಳಿ ಹಾಕಿದರು. “ಪುಟ್ಟಿ, ಪುಟ್ಟಿ, ಉಸಿರು ತಗೋ” ಅನ್ನುತ್ತಿದ್ದರು. ಎಷ್ಟು ಹೊತ್ತೋ ಗೊತ್ತಿಲ್ಲ. ಒಂದು ಸಲ ಕೆಮ್ಮಿದಳು, ಬಣ್ಣ ತಿರುಗಿತು.

ಆಗ ಅವರು ಫೈಲಿನಿಂದ ಆ ಲೆಟರ್ ತೆಗೆದು, ಅದರ ಹಿಂಬದಿಗೆ, ಇಂಥ ದಿನ ಇದನ್ನು ಬಸ್ಸಿನಲ್ಲಿ ನಾನು ತೆಗೆದುಕೊಂಡೆ ಅಂತ ಬರೆದು ಸಹಿ ಹಾಕಿ ಮಗನ ಕೈಗೆ ಕೊಟ್ಟರು. ಆಗ ಅವರನ್ನು ಯಾರೂ ಕೇಳಿರಲಿಲ್ಲ.

ಮಗ ಅದನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುವಾಗ ಹಿಂದಿನಿಂದ ಜೀಪು ಬಂತು. ಅವನು ತಾನಾಗಿ ಇಳಿದು ನಿಂತ. ಜೇಬಿನ ಕಾಗದವನ್ನು ಪೊಲೀಸರು ತಗೊಂಡರು. ಹೆದರಿಸಿ ಬರೆಸಿಕೊಂಡದ್ದು, ಸಾಕ್ಷಿಗೆ ಬೇಕು ಅಂದರು. “ಹೆದ್ರಿಸಿ ಬರೆಸಿದ್ದಲ್ಲ” ಅಂದೆ. “ಅದನ್ನ ಕೋರ್ಟಲ್ಲಿ ಹೇಳಿ ಅಜ್ಜಿ” ಅಂದರು. ಗುಮಾಸ್ತರು ನೆಲ ನೋಡುತ್ತಾ ನಿಂತಿದ್ದರು. ಸಂಜೆ ಟಿವಿಯಲ್ಲಿ ಒತ್ತೆಯಾಳು, ಘಟ್ಟದಲ್ಲಿ ನಾಟಕ ಅಂತೆಲ್ಲ ಬಂತಂತೆ. ಮಗುವಿಗೆ ತೀರ್ಥಹಳ್ಳಿಯಲ್ಲಿ ಆಮ್ಲಜನಕ ಕೊಟ್ಟು ಮಲಗಿಸಿಕೊಂಡರು. ಸೊಸೆ ಬಂದು ಅವಳ ಹತ್ತಿರ ಉಳಿದಳು, ನಾನು ಸಂಜೆಯ ಬಸ್ಸಿಗೆ ಮನೆಗೆ ಬಂದೆ.

ಆಮೇಲಿನದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಹಳೆಯದನ್ನು ರದ್ದು ಮಾಡಿಸಿ ಹೊಸ ಲೆಟರ್ ಬರುವುದಕ್ಕೆ ಒಂದು ತಿಂಗಳ ಮೇಲಾಯಿತು. ಘಟ್ಟದ ಕೆಳಗಿನವರು ಆಪರೇಷನ್ನಿಗೆ ತಾರೀಕು ಕೊಟ್ಟರು. ತಾರೀಕಿಗೆ ಇನ್ನು ಒಂಬತ್ತು ದಿನ ಇರುವಾಗ, ಬೆಳಿಗ್ಗೆ ಹಲ್ಲುಜ್ಜಿ ಜಗಲಿಯಲ್ಲಿ ಕೂತಿದ್ದವಳು ನೀಲಿಯಾದಳು. ಮೊಣಕಾಲು ಮಡಚಿ ಹಿಡಿದೆ. ತುಂಬಾ ಹೊತ್ತು ಹಿಡಿದೇ ಇದ್ದೆ. ಸೊಸೆ ಬಂದು ನನ್ನ ಕೈ ಬಿಡಿಸಿದಳು. ಮುಂಚೆಯೇ ಆಪರೇಷನ್ ಆಗಿದ್ದರೆ ಉಳಿಯುತ್ತಿದ್ದಳಾ ಅಂತ ಅವಳು ಆಮೇಲೆ ಡಾಕ್ಟರನ್ನು ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. ನಾನು ಕೇಳಲಿಲ್ಲ. ಮಗನ ಕೇಸು ಇನ್ನೂ ನಡೆಯುತ್ತಿದೆ. ಅವನೀಗ ಕಲ್ಲು ಕೋರೆಯಲ್ಲಿ ಲಾರಿಗೆ ಲೋಡು ಮಾಡುತ್ತಾನೆ, ಸ್ಟೇರಿಂಗ್ ಮುಟ್ಟುವುದಿಲ್ಲ. ಆ ಕಾಗದ ಈಗಲೂ ಸಾಕ್ಷಿಯ ಕಟ್ಟಿನಲ್ಲೇ ಇದೆ.

ಸಿನಿಮಾದವರು ಬಸ್ಸಿನ ಮಾರನೆಯ ದಿನದ ವಿಷಯ ಕೇಳಲಿಲ್ಲ. ಅವರ ಕಥೆ ಜೀಪು ಬಂದಲ್ಲಿಗೆ ಮುಗಿಯುತ್ತದಂತೆ.

ಮಾರನೆಯ ಬೆಳಿಗ್ಗೆ, ಮಗ ಇನ್ನೂ ಸ್ಟೇಷನ್ನಿನಲ್ಲೇ ಇರುವಾಗ, ಸ್ನಾನ ಮಾಡಿ ಅದೇ ಹೊತ್ತಿನ ಬಸ್ಸು ಹತ್ತಿದೆ. ಸೊಸೆ ಆ ಲೆಟರಿನ ಜೆರಾಕ್ಸ್ ಇಟ್ಟಿದ್ದಳು, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡಿದ್ದೆ. ಡ್ರೈವರ್ ಹೊಸಬ. ಜನ ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಹೊಸನಗರ ದಾಟಿತು. ಓಣಿ ಬರುವಾಗ ಬಸ್ಸು ನಿಧಾನವಾಗಲಿಲ್ಲ.

“ಇಲ್ಲಿ ನಿಲ್ಸು” ಅಂದೆ. “ಮೂರು ಸಲ ಹಾರ್ನ್ ಹೊಡಿ. ಒಬ್ರು ಬರ್ಲಿಕ್ಕುಂಟು.”

“ಯಾರಜ್ಜಿ?”

“ನೀ ಹೊಡಿ.”

ಹೊಡೆದ. ಓಣಿಯಿಂದ ಅವರು ಟಿಫಿನ್ ಚೀಲ ಹಿಡಿದು ಕುಂಟುತ್ತಾ ಬಂದರು. ಬಾಗಿಲಲ್ಲಿ ನನ್ನನ್ನು ಕಂಡು ಕಾಲು ಮೇಲಿಡದೆ ನಿಂತರು. ನಾನು ಅವರ ಸೀಟಿನಲ್ಲಿ ಕೂತಿದ್ದೆ. ಕಿಟಕಿಯ ಕಡೆ ಸರಿದು ಜಾಗ ಮಾಡಿದೆ. ಹತ್ತಿ ಕೂತರು. ಟಿಫಿನ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

“ಮಗು ಹೆಂಗಿದ್ದಾಳೆ ಅಜ್ಜಿ?”

“ಇದ್ದಾಳೆ.”

ಪೇಟೆ ಹತ್ತಿರ ಬರುವಾಗ ಅವರು ಕವರನ್ನು ನೋಡಿದರು. ಕೈ ಚಾಚಿದರು. “ಕೊಡಿ, ನಾನೇ ತಗೊಂಡೋಗ್ತೀನಿ. ನೀವು ನಿಲ್ಬೇಡಿ.”

“ಬಸ್ಸಲ್ಲಿ ಬೇಡ” ಅಂದೆ.

ಪೇಟೆಯಲ್ಲಿ ಇಳಿದೆವು. ಅವರು ಮುಂದೆ, ನಾನು ಹಿಂದೆ. ಅವರು ಒಳಗೆ ಹೋಗಿ ಕಿಟಕಿ ತೆರೆಯುವವರೆಗೆ ಹೊರಗೆ ಕಾದೆ. ಸಾಲಿನಲ್ಲಿ ನಾನೇ ಮೊದಲು. ಕಿಟಕಿ ತೆರೆಯಿತು. ಕವರನ್ನು ಕಂಡಿಯಲ್ಲಿ ಒಳಗೆ ತಳ್ಳಿ, “ತಗೊಂಡದ್ದಕ್ಕೆ ಚೀಟಿ ಕೊಡಿ” ಅಂದು ಕೈ ಚಾಚಿ ನಿಂತೆ.